ಮೋಟಾರಿನೊಳಗಿನ ಶ್ವಾನ

ನಂಬಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಧರ್ಮರಾಜನು ಒಪ್ಪಲಿಲ್ಲವೆಂದು ಮಹಾಭಾರತವು ಹೇಳುತ್ತದೆ. ಇಂದಿನ ಗೃಹಸ್ಥರಾದರೋ ನಾಯಿಯನ್ನು ರಥದೊಳಗೇ ಬಿಟ್ಟು ತಾವು ಇಳಿದುಹೋಗುವರು! ಏಪ್ರಿಲ್-ಮೇ ತಿಂಗಳಲ್ಲಿ ಅಣ್ಣಿಗೇರಿಯ ಅಮೃತೇಶ್ವರನ ದರ್ಶನಕ್ಕೋ, ನವಲಗುಂದದ ಪೇಟೆಗೋ ಮೋಟಾರಿನಲ್ಲಿ ಬರುವವರು ಇದನ್ನು ಅವಶ್ಯ ಆಲೋಚಿಸತಕ್ಕದ್ದು. ನಮ್ಮ ಎರೆಸೀಮೆಯಲ್ಲಿ ಗಿಡದ ನೆರಳೂ ವಿರಳ.

ಬಿಸಿಲು ಗಾಜಿನ ಮೂಲಕ ಒಳಹೊಕ್ಕು ಆಸನಗಳನ್ನು ಕಾಯಿಸುತ್ತದೆ. ಆ ಕಾವಿಗೆ ಹೊರಬೀಳಲು ದಾರಿಯಿಲ್ಲ. ಅಮೇರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಬಿಸಿಲಲ್ಲಿ ನಿಂತ ಮೋಟಾರಿನೊಳಗಿನ ಉಷ್ಣವು ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆ ಏರಿಕೆಯಲ್ಲಿ ನೂರಕ್ಕೆ 80 ಪಾಲು ಮೊದಲ 30 ನಿಮಿಷಗಳಲ್ಲಿಯೇ ಆಯಿತು. ಕಿಡಕಿಯನ್ನು ತುಸು ಇಳಿಸಿದ್ದರಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು. ನಾಲಿಗೆ ಚಾಚಿ ತೇಕುವುದೇ ಮೈ ತಣಿಸಿಕೊಳ್ಳಲು ಅದರ ಮುಖ್ಯೋಪಾಯ. ಸುತ್ತಲಿನ ಗಾಳಿಯೇ ಕಾದಾಗ ಅದೂ ನಿಷ್ಫಲ. ಸ್ವಸ್ಥ ನಾಯಿಯ ಮೈಕಾವು ಸುಮಾರು 38ರಿಂದ 39 ಡಿಗ್ರಿ; 41 ಮೀರಿದರೆ ಪ್ರಾಣಕ್ಕೇ ಅಪಾಯ. ಅತಿಯಾದ ತೇಕು, ಸುರಿಯುವ ಜೊಲ್ಲು, ತೂರಾಟ, ಇವು ಅದರ ಲಕ್ಷಣಗಳು. ಕೂಡಲೆ ನೆರಳಿಗೊಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತ ಪಶುವೈದ್ಯರಲ್ಲಿಗೆ ಸಾಗಿಸಬೇಕು.

ಐದೇ ನಿಮಿಷದ ಕೆಲಸವೆಂದು ಇಳಿದವರಿಗೆ ಪೇಟೆಯಲ್ಲಿ ಪರಿಚಿತರು ಭೆಟ್ಟಿಯಾಗದೆ ಇರುವರೇ? ಆದುದರಿಂದ ಬಿಸಿಲುದಿನಗಳಲ್ಲಿ ನಾಯಿಯನ್ನು ಮನೆಯ ಪಡಸಾಲೆಯಲ್ಲಿಯೇ ನೀರಿಟ್ಟು ಬಿಡುವುದು ಲೇಸು. ಕರೆತಂದರೆ ಒಬ್ಬರಾದರೂ ಅದರೊಡನೆ ಹೊರಗೆ ನೆರಳಿನಲ್ಲಿ ನಿಲ್ಲಲಿ. ಬಾಗಿಲು ತೆರೆಯಲು ಅದಕ್ಕೆ ಕೈಯಿಲ್ಲ, ಬೇಡಿಕೊಳ್ಳಲು ಮಾತಿಲ್ಲ.