ಫಾರ್ಮ್ಯಾಟ್ ಒತ್ತುವ ಮುನ್ನ ತಾಳೆ ನೋಡಿ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲೊಂದು ಅವಾಂತರ ನಡೆಯಿತು. ಏಳನೆಯ ತರಗತಿ ಓದುವ ಮೊಮ್ಮಗಳೂ ಎಪ್ಪತ್ತು ದಾಟಿದ ನಾನೂ ಸೇರಿ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದೆವು. ಅದಾದ ಮೇಲೆ ಎರಡು ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದಿನವೂ ಲೆಕ್ಕ ತಾಳೆ ನೋಡಿದವನು ನಾನು. ಅಂದು ಮಾತ್ರ ನೋಡಲಿಲ್ಲ. ನನ್ನ ವಯಸ್ಸಿನ ಅಜ್ಜ-ಅಜ್ಜಿಯರೂ, ನಮಗಿಂತ ಚುರುಕಾದ ಮೊಮ್ಮಕ್ಕಳೂ ಈ ತಪ್ಪು ಮಾಡದಿರಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕ ಕಪ್ಪು ಡಬ್ಬಿ, 500 ಜಿಬಿಯದು. ನಾನು ನಿವೃತ್ತನಾದ ವರ್ಷ ಮಗ ತಂದುಕೊಟ್ಟದ್ದು. ಮನೆಯವರ ಫೋಟೋಗಳು, ಪಿಂಚಣಿ ಕಾಗದಗಳ ಪ್ರತಿಗಳು, ಹಳೆಯ ಹಾಡುಗಳು ಅದರಲ್ಲಿದ್ದವು. ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದರೆ ನನ್ನ ಹೆಂಡತಿ ತನ್ನ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿದ್ದ ಹದಿನಾಲ್ಕು ಕಥೆಗಳು. ಮೊಮ್ಮಗಳು ಬೆಂಗಳೂರಿನಲ್ಲಿ, ನಾವು ಶಿವಮೊಗ್ಗದಲ್ಲಿ. ಕಥೆ ಕೇಳದೆ ಮಲಗದ ಮಗುವಿಗೆಂದು ಅವಳು ಮಾಡಿ ಕಳಿಸಿದ ಕಥೆಗಳವು. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಕಾಲಂ ಸಾಲದ ಲೆಡ್ಜರು

ಅಂದು ಸಂಜೆ ನಾವು ಮಾಡಲು ಹೊರಟದ್ದು ಚಿಕ್ಕ ಕೆಲಸ. ನನ್ನ ತಂಗಿಯ ಮಗಳ ಮದುವೆಯ ವಿಡಿಯೋವನ್ನು ಲ್ಯಾಪ್‌ಟಾಪಿನಿಂದ ಡಿಸ್ಕಿಗೆ ಹಾಕಿ, ಡಿಸ್ಕನ್ನು ಟೀವಿಗೆ ಜೋಡಿಸಿ ಎಲ್ಲರೂ ಕೂತು ನೋಡಬೇಕಿತ್ತು. ವಿಡಿಯೋ 6 ಜಿಬಿ. ಡಿಸ್ಕಿನಲ್ಲಿ 300 ಜಿಬಿಗೂ ಹೆಚ್ಚು ಜಾಗ ಖಾಲಿ. ಆದರೂ ‘ಈ ಫೈಲ್ ತುಂಬಾ ದೊಡ್ಡದು’ ಎಂದು ಲ್ಯಾಪ್‌ಟಾಪ್ ಹಟ ಹಿಡಿಯಿತು.

“ಅಜ್ಜ, ಇಷ್ಟೊಂದು ಜಾಗ ಇದ್ಯಲ್ಲ, ಮತ್ಯಾಕೆ ಬೇಡ ಅನ್ನುತ್ತೆ?” ಎಂದಳು ಮೊಮ್ಮಗಳು.

ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ಎಂದು ಬರೆದಿಡಲು ಒಂದು ಪದ್ಧತಿ ಬೇಕಲ್ಲವೇ? ಅದಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ನಮ್ಮ ಡಿಸ್ಕಿನಲ್ಲಿದ್ದದ್ದು 1996ರಲ್ಲಿ ಬಂದ ಫ್ಯಾಟ್32 ಎಂಬ ಪದ್ಧತಿ. ಅದರಲ್ಲಿ ಫೈಲಿನ ಗಾತ್ರ ಬರೆಯುವ ಕಾಲಂ ಕಿರಿದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 429,49,67,295 ಬೈಟ್, ಅಂದರೆ 4 ಜಿಬಿಗೆ ಒಂದೇ ಒಂದು ಬೈಟ್ ಕಡಿಮೆ. ಲೆಡ್ಜರಿನ ಕಾಲಮ್ಮಿನಲ್ಲಿ ಐದೇ ಅಂಕಿಗೆ ಜಾಗವಿದ್ದರೆ ಲಕ್ಷ ರೂಪಾಯಿ ಬರೆಯುವುದು ಹೇಗೆ? ತಿಜೋರಿಯಲ್ಲಿ ಜಾಗ ಎಷ್ಟಿದ್ದರೇನು, ಪುಸ್ತಕದಲ್ಲಿ ಬರೆಯಲು ಬಾರದ್ದನ್ನು ಒಳಗೆ ಬಿಡುವಂತಿಲ್ಲ.

ಬೇರೆ ಕೆಲವು ಪದ್ಧತಿಗಳಲ್ಲಿ ಈ ತೊಂದರೆಯಿಲ್ಲ. ವಿಂಡೋಸ್‌ನವರ ಎನ್‌ಟಿಎಫ್‌ಎಸ್ 1993ರಿಂದ ಇದೆ. ಎಕ್ಸ್‌ಫ್ಯಾಟ್ 2006ರಲ್ಲಿ ಬಂತು. ಎಕ್ಸ್‌ಫ್ಯಾಟನ್ನು ವಿಂಡೋಸ್ ಕಂಪ್ಯೂಟರೂ ಆಪಲ್ ಕಂಪ್ಯೂಟರೂ ಓದಿ ಬರೆಯುತ್ತವೆ. “ಎಕ್ಸ್‌ಫ್ಯಾಟ್ ಮಾಡಿಬಿಡೋಣ ಅಜ್ಜ” ಎಂದಳು. ಹಾಗೆ ಮಾಡಲು ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಹೋಗುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡಲು ಕೂತೆವು.

ಇಲ್ಲಿಯೇ ನಾನು ಎಡವಿದ್ದು. ‘ಫೋಟೋ’, ‘ಕಾಗದಪತ್ರ’, ‘ಹಾಡು’ ಎಂಬ ಮೂರು ಫೋಲ್ಡರ್‌ಗಳನ್ನು ನಕಲು ಮಾಡುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು. ಕೊನೆಯಲ್ಲಿ ‘ಹೊಸ ಫೋಲ್ಡರ್’ ಎಂಬ ಹೆಸರಿನದೊಂದು ಉಳಿದಿತ್ತು. ಅಂಥವು ಸಾಮಾನ್ಯವಾಗಿ ಖಾಲಿಯೇ ಎಂದುಕೊಂಡು ತೆರೆದೂ ನೋಡಲಿಲ್ಲ.

“ಎಲ್ಲಾ ಆಯ್ತಾ ಅಜ್ಜ?”

“ಆಯ್ತು, ಒತ್ತು.”

‘ಕ್ವಿಕ್ ಫಾರ್ಮ್ಯಾಟ್’ ಎಂಬಲ್ಲಿ ಮೊದಲೇ ಸರಿ ಗುರುತು ಇತ್ತು. “ಇದನ್ನ ತೆಗೆದರೆ ಪೂರ್ತಿ ಚೊಕ್ಕಟವಾಗುತ್ತಂತೆ, ತೆಗೀಲಾ?” ಎಂದು ಕೇಳಿದಳು. ನನಗೆ ಆಗಲೇ ಹಸಿವಾಗಿತ್ತು. “ಇರಲಿ ಬಿಡು, ಬೇಗ ಮುಗಿಯಲಿ” ಎಂದೆ. ಆ ಹಸಿವೇ ಮುಂದೆ ನಮ್ಮನ್ನು ಕಾಪಾಡಿತು. ಅರ್ಧ ನಿಮಿಷದಲ್ಲಿ ಡಿಸ್ಕ್ ಖಾಲಿಯಾಯಿತು.

ಒಂದರ ಹಿಂದೆ ಒಂದು ತೊಂದರೆ

ಮೊದಲು ಅವಳ ಕಣ್ಣಿಗೆ ಬಿದ್ದದ್ದು ಡಿಸ್ಕಿನ ಗಾತ್ರ. “ಅಜ್ಜ, ಡಬ್ಬಿಯ ಮೇಲೆ 500 ಅಂತ ಇದೆ, ಇಲ್ಲಿ 465 ತೋರಿಸ್ತಿದೆ. 35 ಜಿಬಿ ನಾವೇ ಹಾಳು ಮಾಡಿದ್ವಾ?” ಇಲ್ಲ, ಇದು ಅಳತೆಯ ವ್ಯತ್ಯಾಸ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 1024ನ್ನು 1024ರಿಂದ ಗುಣಿಸಿ, ಬಂದದ್ದನ್ನು ಮತ್ತೆ 1024ರಿಂದ ಗುಣಿಸಿದರೆ 107,37,41,824. ಐವತ್ತು ಸಾವಿರ ಕೋಟಿ ಬೈಟುಗಳನ್ನು ಇದರಿಂದ ಭಾಗಿಸಿ ನೋಡಿ ಮಕ್ಕಳೇ, 465 ಚಿಲ್ಲರೆ ಬರುತ್ತದೆ. ಡಿಸ್ಕ್ ಹೊಸದಾಗಿ ಬಂದ ದಿನವೂ ಅಷ್ಟೇ ಇತ್ತು.

ಮದುವೆಯ ವಿಡಿಯೋ ಈಗ ತಕರಾರಿಲ್ಲದೆ ಡಿಸ್ಕಿಗೆ ಹೋಯಿತು. ಟೀವಿಗೆ ಜೋಡಿಸಿದರೆ ಟೀವಿಗೆ ಡಿಸ್ಕೇ ಕಾಣಲಿಲ್ಲ! ನಮ್ಮ ಹಳೆಯ ಟೀವಿಗೆ ಎಕ್ಸ್‌ಫ್ಯಾಟ್ ಓದಲು ಬಾರದು. ಫ್ಯಾಟ್32, ಎನ್‌ಟಿಎಫ್‌ಎಸ್ ಮಾತ್ರ ಗೊತ್ತು. ಟೀವಿಯ ಜೊತೆ ಬಂದ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾವು ತೆರೆದು ನೋಡಿರಲಿಲ್ಲ, ಅಷ್ಟೇ.

ಮತ್ತೆ ಲ್ಯಾಪ್‌ಟಾಪಿಗೆ ತಂದು ಜೋಡಿಸಿದೆವು. ಅಲ್ಲಿಯೂ ಡಿಸ್ಕ್ ನಾಪತ್ತೆ. ಕೇಬಲ್ ಬಿಚ್ಚಿ ಹಾಕಿದೆವು, ಇನ್ನೊಂದು ಯುಎಸ್‌ಬಿ ತೂತಿಗೆ ಹಾಕಿದೆವು, ಊಹುಂ. ಕೊನೆಗೆ ಮೊಮ್ಮಗಳು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ತೆರೆದಳು. ಡಿಸ್ಕ್ ಅಲ್ಲಿತ್ತು, ಆದರೆ ಅದರ ಮುಂದೆ ‘ಡಿ’, ‘ಇ’ ಎಂಬಂಥ ಅಕ್ಷರವೇ ಇರಲಿಲ್ಲ. ವಿಂಡೋಸಿಗೆ ಈ ಅಕ್ಷರ ಟೋಕನ್ ಇದ್ದ ಹಾಗೆ. ಟೋಕನ್ ಇಲ್ಲದ ಗಿರಾಕಿಯನ್ನು ಕೌಂಟರ್ ಕರೆಯುವುದಿಲ್ಲ. ಅಕ್ಷರ ಕೊಟ್ಟ ಕೂಡಲೇ ಡಿಸ್ಕ್ ಕಾಣಿಸಿಕೊಂಡಿತು.

“ಸರಿ, ಹಳೇದನ್ನೆಲ್ಲ ವಾಪಸ್ ಹಾಕೋಣ” ಎಂದಳು. ಲ್ಯಾಪ್‌ಟಾಪಿನಲ್ಲಿ ಹುಡುಕಿದಳು, ಮತ್ತೆ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಅಜ್ಜ, ಅಜ್ಜಿ ಕಥೆ ಎಲ್ಲಿ?”

ಪರಿವಿಡಿ ಹರಿದರೂ ಪುಟ ಉಳಿಯುತ್ತದೆ

ಕಥೆಗಳಿದ್ದದ್ದು ಆ ‘ಹೊಸ ಫೋಲ್ಡರ್’ನಲ್ಲಿ. ಹೆಂಡತಿಯ ಫೋನ್ ಕೆಟ್ಟಾಗ ಆತುರದಲ್ಲಿ ಅಲ್ಲಿಗೆ ತುಂಬಿ, ಹೆಸರು ಬದಲಿಸದೆ ಬಿಟ್ಟವನು ನಾನೇ. ಬೇರೆ ಕಡೆ ಪ್ರತಿ ಇರಲಿಲ್ಲ. ಗುಂಡಿ ಒತ್ತಿದ್ದು ತಾನೆಂದು ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. “ಒತ್ತು ಅಂದದ್ದು ನಾನು ಪುಟ್ಟಿ” ಎಂದೆ. ಬೇರೇನು ಹೇಳಲಿ?

ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ. “ಕ್ವಿಕ್ ಫಾರ್ಮ್ಯಾಟಾ, ಪೂರ್ತಿದಾ ಅಪ್ಪ? ಆಮೇಲೆ ಅದರ ಮೇಲೆ ಏನಾದ್ರೂ ಹಾಕಿದ್ರಾ?” ಕ್ವಿಕ್, ಮದುವೆ ವಿಡಿಯೋ ಒಂದನ್ನು ಹಾಕಿದ್ದೇವೆ ಎಂದೆ. “ಹಾಗಾದ್ರೆ ಇನ್ನೊಂದಕ್ಷರವನ್ನೂ ಅದಕ್ಕೆ ಬರೀಬೇಡಿ. ಬಿಚ್ಚಿ ತೆಗೆದಿಡಿ. ನಾಳೆ ಬರ್ತೀನಿ” ಎಂದ.

ಅವನು ಹೇಳಿದ್ದು ನನಗೆ ಅರ್ಥವಾದದ್ದು ಬ್ಯಾಂಕಿನ ಭಾಷೆಯಲ್ಲಿ. ಡಿಸ್ಕ್ ಒಂದು ದಪ್ಪ ಲೆಡ್ಜರು. ಅದರ ಮೊದಲಲ್ಲಿ ಯಾರ ಖಾತೆ ಯಾವ ಪುಟದಲ್ಲಿದೆ ಎಂಬ ಪರಿವಿಡಿ. ಕ್ವಿಕ್ ಫಾರ್ಮ್ಯಾಟ್ ಆ ಪರಿವಿಡಿಯನ್ನು ಕಿತ್ತು, ಖಾಲಿ ಪರಿವಿಡಿಯೊಂದನ್ನು ಅಂಟಿಸುತ್ತದೆ. ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಆದರೆ ಕಂಪ್ಯೂಟರ್ ಎಲ್ಲ ಪುಟವೂ ಖಾಲಿ ಎಂದು ನಂಬಿ, ಹೊಸದಾಗಿ ಬಂದದ್ದನ್ನು ಹಳೆಯದರ ಮೇಲೆ ಬರೆಯುತ್ತ ಹೋಗುತ್ತದೆ. ಹಾಗೆ ಬರೆದ ಜಾಗದಲ್ಲಿ ಇದ್ದದ್ದು ಮತ್ತೆ ಸಿಗುವುದಿಲ್ಲ. ಸರಿ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಇಂದಿನ ವಿಂಡೋಸ್ ಪ್ರತಿ ಪುಟದ ಮೇಲೂ ಸೊನ್ನೆ ಬರೆದು ಮುಗಿಸುತ್ತಿತ್ತು.

ಹಾರ್ಡ್ ಡಿಸ್ಕ್ ನನಗಿಂತ ವಯಸ್ಸಿನಲ್ಲಿ ಕಿರಿಯದು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲನೆಯದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ನನ್ನ ಹೆಂಡತಿಯ ಒಂದು ಉದ್ದದ ಕಥೆಗೂ ಅದು ಸಾಲುತ್ತಿರಲಿಲ್ಲ. ಇಂದಿನ ಡಬ್ಬಿಯೊಳಗೂ ಹಾಗೆಯೇ ಪುಟ್ಟ ತಟ್ಟೆಗಳು ತಿರುಗುತ್ತವೆ, ಬರೆದದ್ದು ಅಯಸ್ಕಾಂತದ ಗುರುತುಗಳಾಗಿ ನಿಂತಿರುತ್ತದೆ. ಅಳಿಸಲು ಅದರ ಮೇಲೆ ಬೇರೊಂದು ಬರೆಯಲೇಬೇಕು. ಈ ಒಂದು ಮಾತಿನ ಮೇಲೆ ನಮ್ಮ ಆಸೆ ನಿಂತಿತ್ತು.

ಹೆಸರಿಲ್ಲದ ಕಥೆಗಳು

ಮರುದಿನ ಮಗ ಬಂದ. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿದ. ಹೆಸರು ಫೋಟೋ ಎಂದಿದ್ದರೂ ಅದು ಧ್ವನಿ, ವಿಡಿಯೋ, ಕಾಗದಪತ್ರಗಳನ್ನೂ ಹುಡುಕುತ್ತದೆ. ಪರಿವಿಡಿಯನ್ನು ನೆಚ್ಚದೆ ಒಂದೊಂದೇ ಪುಟ ತಿರುವಿ, ‘ಇಲ್ಲೊಂದು ಫೋಟೋ ಶುರುವಾಗುತ್ತದೆ, ಇಲ್ಲೊಂದು ಧ್ವನಿ ಶುರುವಾಗುತ್ತದೆ’ ಎಂದು ಗುರುತು ಹಿಡಿಯುತ್ತದೆ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಹಾಕಬಾರದು, ಹಾಕಿದರೆ ಉಳಿದದ್ದರ ಮೇಲೆ ಬರೆದಂತಾಗುತ್ತದೆ. ಲ್ಯಾಪ್‌ಟಾಪಿನಲ್ಲೇ ಉಳಿಸಿದೆವು. ರಾತ್ರಿಯಿಡೀ ಅದು ಓಡಿತು. ನನಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಸಾವಿರಾರು ಫೈಲುಗಳು. ಎಂದೋ ಅಳಿಸಿದ್ದ ಫೋಟೋಗಳೂ ಎದ್ದು ಬಂದಿದ್ದವು. ಯಾವುದಕ್ಕೂ ಹೆಸರಿಲ್ಲ, ಉದ್ದದ ಅಂಕಿಗಳು ಮಾತ್ರ. ಹೆಸರು ಇರುವುದು ಪರಿವಿಡಿಯಲ್ಲಲ್ಲವೇ? ಧ್ವನಿಯ ಫೈಲುಗಳನ್ನು ಬೇರೆ ಮಾಡಿ ಮೂವರೂ ಒಂದೊಂದಾಗಿ ಕೇಳುತ್ತ ಕೂತೆವು. ಹಾಡು, ಹಾಡು, ಯಾರದೋ ಭಾಷಣ, ಮತ್ತೆ ಹಾಡು. ನಲವತ್ತೋ ಐವತ್ತೋ ಕೇಳಿದ ಮೇಲೆ ಕಾಗಕ್ಕ-ಗುಬ್ಬಕ್ಕನ ಕಥೆ ಶುರುವಾಯಿತು. ಮಳೆ ಬಂದು ಕಾಗಕ್ಕ ಬಾಗಿಲು ತಟ್ಟುವ ಹೊತ್ತಿಗೆ ಕಥೆ ನಿಂತು, “ಏನ್ರೀ, ಹಾಲು ಉಕ್ಕತ್ತೆ, ಸ್ವಲ್ಪ ಒಲೆ ಆರಿಸ್ರೀ” ಎಂಬ ಮಾತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೊಮ್ಮಗಳು ಅಳುತ್ತಲೇ ನಕ್ಕಳು.

ಹದಿನಾಲ್ಕರಲ್ಲಿ ಹನ್ನೆರಡು ಪೂರ್ತಿ ಸಿಕ್ಕವು. ಒಂದು ಅರ್ಧಕ್ಕೆ ಕಡಿದುಹೋಗಿದೆ. ಸೋರೆ ಬುರುಡೆಯೊಳಗೆ ಕೂತು ಕಾಡು ದಾಟುವ ಅಜ್ಜಿಯ ಕಥೆ ಸಿಗಲೇ ಇಲ್ಲ. ಆ ಪುಟಗಳ ಮೇಲೆ ಮದುವೆಯ ವಿಡಿಯೋ ಕೂತಿರಬೇಕು. ಆ ಕಥೆಯನ್ನು ಈಗ ಮೊಮ್ಮಗಳು ಹೇಳುತ್ತಾಳೆ. ಅವಳು ಮರೆತಲ್ಲಿ ನಾನು ಸೇರಿಸುತ್ತೇನೆ. ಅವಳ ಅಜ್ಜಿ ಹೇಳಿದಂತೆ ಮಾತ್ರ ಬರುವುದಿಲ್ಲ.

ಆಮೇಲೆ ಎಲ್ಲದರ ಎರಡು ಪ್ರತಿ ಮಾಡಿ, ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದೆವು. ಟೀವಿ ತಕ್ಷಣ ಓದಿತು. ಕೊನೆಗೆ ಮಗ ಹೇಳಿದ: ವಿಂಡೋಸಿನ ‘ಕನ್ವರ್ಟ್’ ಎಂಬ ಆದೇಶದಿಂದ ಫ್ಯಾಟ್32 ಡಿಸ್ಕನ್ನು ಅಳಿಸದೆಯೇ ಎನ್‌ಟಿಎಫ್‌ಎಸ್ ಮಾಡಬಹುದಿತ್ತಂತೆ! ಅಂದರೆ ಮೊದಲ ದಿನ ನಾವು ಆ ಗುಂಡಿ ಒತ್ತಬೇಕಾಗಿಯೇ ಇರಲಿಲ್ಲ.

ನೆನಪಿನಲ್ಲಿಡಿ

• ಫಾರ್ಮ್ಯಾಟ್ ಮಾಡುವ ಮುನ್ನ ಡಿಸ್ಕಿನಲ್ಲಿ ಎಷ್ಟು ಫೈಲ್, ಎಷ್ಟು ಬೈಟ್. ನಕಲಿನಲ್ಲಿ ಎಷ್ಟು ಫೈಲ್, ಎಷ್ಟು ಬೈಟ್ ಎಂದು ಕಾಗದದಲ್ಲಿ ಬರೆದು ತಾಳೆ ನೋಡಿ. ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ಎರಡೂ ಸಿಗುತ್ತವೆ.

• ಡಿಸ್ಕನ್ನು ಯಾವುದಕ್ಕೆ ಜೋಡಿಸುತ್ತೀರಿ ಎಂದು ಮೊದಲೇ ಯೋಚಿಸಿ. ವಿಂಡೋಸ್ ಮತ್ತು ಆಪಲ್ ಎರಡಕ್ಕೂ ಬೇಕಾದರೆ ಎಕ್ಸ್‌ಫ್ಯಾಟ್. ಆಪಲ್ ಕಂಪ್ಯೂಟರ್ ಎನ್‌ಟಿಎಫ್‌ಎಸ್ ಓದುತ್ತದೆ, ಬೇರೆ ತಂತ್ರಾಂಶವಿಲ್ಲದೆ ಅದಕ್ಕೆ ಬರೆಯಲಾರದು. ಟೀವಿಗಾದರೆ ಅದರ ಕೈಪಿಡಿ ನೋಡಿ.

• ಡಿಸ್ಕ್ ಕಾಣದಿದ್ದರೆ ಮೊದಲು ಕೇಬಲ್, ಆಮೇಲೆ ಯುಎಸ್‌ಬಿ ತೂತು, ಆಮೇಲೆ ಡ್ರೈವಿನ ಅಕ್ಷರ. ಒಳಗಿನ ಫೈಲುಗಳು ಬೇಕಿದ್ದರೆ, ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿದಾಗ ‘ಬೇಡ’ ಎನ್ನಿ.

• ತಪ್ಪಾಯಿತೆಂದು ಗೊತ್ತಾದ ಕ್ಷಣ ಕೈ ತೆಗೆಯಿರಿ. ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ.

• ಡಿಸ್ಕಿನೊಳಗಿಂದ ಟಿಕ್ ಟಿಕ್ ಶಬ್ದ ಬಂದರೆ ಯಾವ ತಂತ್ರಾಂಶವನ್ನೂ ಓಡಿಸಬೇಡಿ. ಬಿಚ್ಚಿಟ್ಟು, ಬಲ್ಲವರಿಗೆ ಒಪ್ಪಿಸಿ.

• ಹಳೆಯ ಡಿಸ್ಕನ್ನು ಯಾರಿಗಾದರೂ ಕೊಡುವಾಗ ಕ್ವಿಕ್ ಫಾರ್ಮ್ಯಾಟ್ ಸಾಲದು. ನಮಗೆ ಕಥೆ ಸಿಕ್ಕಂತೆ ಅವರಿಗೆ ನಿಮ್ಮ ಪಾಸ್‌ಬುಕ್ಕಿನ ಪ್ರತಿ ಸಿಕ್ಕೀತು. ಆಗ ಮಾತ್ರ ಪೂರ್ತಿ ಫಾರ್ಮ್ಯಾಟ್ ಮಾಡಿ.

• ಬೆಲೆಯುಳ್ಳದ್ದಕ್ಕೆ ಎರಡು ಪ್ರತಿ ಇರಲಿ, ಸರಿಯಾದ ಹೆಸರೂ ಇರಲಿ. ನಮ್ಮ ‘ಹೊಸ ಫೋಲ್ಡರ್’ ಈಗ ‘ಅಜ್ಜಿ ಕಥೆಗಳು’ ಆಗಿದೆ.