ಗೋಧಿಯನ್ನು ಒಲ್ಲದ ಕರುಳು: ಅರಿಯದೆ ತಿಂದ ಮೇಲಿನ ಉಪಚಾರವೂ ಹಿಟ್ಟಿನ ಗಿರಣಿಯ ಎಚ್ಚರಿಕೆಯೂ

ಗೋಧಿಯ ಹಿಟ್ಟನ್ನು ಚೆನ್ನಾಗಿ ನಾದಿ, ಆ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ, ಬೆಳ್ಳಗಿರುವ ಪಿಷ್ಟವೆಲ್ಲವೂ ನೀರಿನೊಡನೆ ಹರಿದುಹೋಗಿ, ರಬ್ಬರಿನಂತೆ ಜಗ್ಗುವ ಒಂದು ಪದಾರ್ಥವು ಕೈಯಲ್ಲಿ ಉಳಿಯುವುದು. ಇದಕ್ಕೆ ಗ್ಲೂಟೆನ್ ಎಂದು ಹೆಸರು. ಚಪಾತಿಯು ಹರಿಯದೆ ತೆಳ್ಳಗೆ ಲಟ್ಟಿಸಿಕೊಳ್ಳುವುದಕ್ಕೂ, ಹೋಳಿಗೆಯ ಕಣಕವು ಹೂರಣವನ್ನು ಬಿಡದೆ ಹಿಡಿದುಕೊಳ್ಳುವುದಕ್ಕೂ ಈ ಅಂಟೇ ಕಾರಣವು. ಜೋಳ, ರಾಗಿ, ಸಜ್ಜೆಗಳಲ್ಲಿ ಇದು ಇಲ್ಲದಿರುವುದರಿಂದಲೇ ನಮ್ಮ ಹೆಣ್ಣುಮಕ್ಕಳು ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ, ಲಟ್ಟಿಸದೆ ಕೈಯಿಂದ ತಟ್ಟುತ್ತಾರೆ.

ಬಹುಜನರಿಗೆ ಪುಷ್ಟಿಕರವಾದ ಈ ಅಂಟು ಕೆಲವರ ದೇಹಕ್ಕೆ ಹಗೆಯಾಗಿರುತ್ತದೆ. ಅಂಥವರ ರೋಗಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಇದು ಅಂಟುಜಾಡ್ಯವಲ್ಲ, ಹುಟ್ಟಿನಿಂದ ಬಂದ ಒಲವುಳ್ಳವರಲ್ಲಿ, ದೇಹವನ್ನು ಕಾಯಬೇಕಾದ ಶಕ್ತಿಯೇ ಗ್ಲೂಟೆನ್ನಿನ ನಿಮಿತ್ತವಾಗಿ ಸಣ್ಣ ಕರುಳಿನ ಮೇಲೆ ತಿರುಗಿಬೀಳುವುದು. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ನಿಂತಿರುವ ಸೂಕ್ಷ್ಮವಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಉಂಡ ಅನ್ನವು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ, ಇವು ಇದರ ಲಕ್ಷಣಗಳು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳನ್ನು ಜನ್ಮಾವಧಿ ಬಿಡುವುದೊಂದೇ ಈವರೆಗೆ ತಿಳಿದ ಚಿಕಿತ್ಸೆಯು.

ಈ ಸಂಗತಿಯು ಬೆಳಕಿಗೆ ಬಂದದ್ದು ಹಾಲೆಂಡಿನಲ್ಲಿ. ಹೇಗ್ ಪಟ್ಟಣದ ಮಕ್ಕಳ ವೈದ್ಯರಾಗಿದ್ದ ವಿಲ್ಲೆಮ್ ಕಾರೆಲ್ ಡಿಕ್ಕೆ ಎಂಬವರಿಗೆ ಗೋಧಿಯ ಮೇಲೆ ಮೊದಲೇ ಶಂಕೆಯಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ಆ ದೇಶದಲ್ಲಿ ಘೋರವಾದ ಕ್ಷಾಮವುಂಟಾಗಿ ರೊಟ್ಟಿಯೇ ಸಿಕ್ಕದಂತಾದಾಗ, ಊರೆಲ್ಲವೂ ಸೊರಗುತ್ತಿದ್ದರೂ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ರೊಟ್ಟಿಯು ಮರಳಿ ಬಂದೊಡನೆ ರೋಗವೂ ಮರಳಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಅವರು ಇದನ್ನು ನಿರೂಪಿಸಿದರು.

ಇದು ಪರದೇಶದ ರೋಗವೆಂದು ನಾವು ಬಹುಕಾಲ ಭಾವಿಸಿದ್ದೆವು. ಆದರೆ 2016ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಇದರ ಗುರುತು ಉತ್ತರ ಭಾರತದ ವಯಸ್ಕರ ರಕ್ತದಲ್ಲಿ ನೂರಕ್ಕೆ 1.23ರಂತೆಯೂ, ದಕ್ಷಿಣದಲ್ಲಿ ನೂರಕ್ಕೆ 0.10ರಂತೆಯೂ ಕಂಡುಬಂದಿತು. ವಂಶದಿಂದ ಬರುವ ಒಲವು ಎರಡು ಕಡೆಯಲ್ಲಿಯೂ ಹೆಚ್ಚು ಕಡಮೆ ಸಮನಾಗಿಯೇ ಇತ್ತು, ಭೇದವಿದ್ದದ್ದು ಊಟದಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿಯನ್ನೂ, ದಕ್ಷಿಣದವರು 25 ಗ್ರಾಂ ಮಾತ್ರವನ್ನೂ ಉಣ್ಣುತ್ತಿದ್ದರು. ನಮ್ಮ ಊಟದಲ್ಲಿ ಗೋಧಿಯು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದನ್ನು ಮರೆಯಲಾಗದು.

ಕಳೆದ ವರ್ಷ ಹಿಂಗಾರಿ ಬಿತ್ತನೆಯ ಕಾಲದಲ್ಲಿ ಬೀಜೋಪಚಾರದ ವಿಷಯವಾಗಿ ಧಾರವಾಡದ ಕಡೆಯ ಒಂದು ಗ್ರಾಮಕ್ಕೆ ನಾನು ಹೋಗಿದ್ದೆನು. ನನ್ನನ್ನು ಊಟಕ್ಕೆ ಕರೆದ ರೈತರ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎರಡು ವರ್ಷಗಳ ಹಿಂದೆ ವೈದ್ಯರು ಅವಳಿಗೆ ಸೀಲಿಯಾಕ್ ರೋಗವೆಂದು ನಿಶ್ಚಯಿಸಿದ್ದರು. ಅಂದಿನಿಂದ ಗೋಧಿಯನ್ನು ಬಿಟ್ಟು ಮೈ ತುಂಬಿಕೊಂಡು, ಶಾಲೆಯಲ್ಲಿಯೂ ಮುಂದಾಗಿದ್ದವಳು, ಸೋದರಮಾವನ ಮನೆಯ ಕುಬಸಕ್ಕೆ ಹೋಗಿ ಬಂದ ರಾತ್ರಿಯೇ ವಾಂತಿ ಮಾಡಿಕೊಂಡು ಮಲಗಿದ್ದಳು. ಅಲ್ಲಿ ಅವಳು ಹೋಳಿಗೆಯನ್ನಾಗಲಿ ಮಾದ್ಲಿಯನ್ನಾಗಲಿ ಮುಟ್ಟಿರಲಿಲ್ಲ. ಅಜ್ಜಿಯು "ಒಂದ ತುತ್ತು ತಿಂದ್ರ ಏನಾಕ್ಕೈತಿ ಯವ್ವಾ" ಎಂದು ಒತ್ತಾಯಿಸಿದರೂ ಜೋಳದ ರೊಟ್ಟಿಯನ್ನೇ ಉಂಡು ಎದ್ದಿದ್ದಳು. ನೂರಾರು ಜನರಿಗೆ ರೊಟ್ಟಿ ತಟ್ಟುವಾಗ ಅದು ಮುರಿಯದಿರಲೆಂದು ಹಿಟ್ಟಿಗೆ ನಾಲ್ಕು ಹಿಡಿ ಗೋಧಿಹಿಟ್ಟನ್ನು ಬೆರೆಸಿದ್ದರೆಂಬುದು ಆಮೇಲೆ ತಿಳಿಯಿತು.

ಅದಾಗಿ ಮೂರು ವಾರಗಳು ಕಳೆದಿದ್ದವು. ವಾಂತಿಯು ಮರುದಿನವೇ ನಿಂತಿದ್ದರೂ ಹೊಟ್ಟೆಯುಬ್ಬರವೂ ಸಡಿಲಾದ ಭೇದಿಯೂ ಬಿಟ್ಟಿರಲಿಲ್ಲ. ಓದಿದ್ದು ತಲೆಗೆ ಹತ್ತುವುದಿಲ್ಲವೆಂದು ಹುಡುಗಿಯು ಅಳುತ್ತಿದ್ದಳು. ಊಟದ ತಟ್ಟೆಯನ್ನು ಕಂಡರೇ ಅವಳಿಗೆ ಭಯವಾಗುತ್ತಿತ್ತು. ಒಂದು ರೊಟ್ಟಿಯು ಇಷ್ಟು ದಿನ ಕಾಡಬಲ್ಲುದೆ ಎಂದು ತಂದೆಯು ನನ್ನನ್ನು ಕೇಳಿದನು. ನಾನು ವೈದ್ಯನಲ್ಲವಾದ್ದರಿಂದ ಆಗ ಸುಮ್ಮನಿದ್ದೆನು. ಆಮೇಲೆ ತಿಳಿದವರನ್ನು ವಿಚಾರಿಸಿ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಗ್ಲೂಟೆನ್ ಹೊಟ್ಟೆಗೆ ಹೋದ ಕೆಲವು ಗಂಟೆಗಳಲ್ಲಿಯೇ ದೇಹವು ಕೆರಳುತ್ತದೆ. ಓಕರಿಕೆ, ವಾಂತಿಗಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶಮನವಾಗುವುವು. ಆದರೆ ಉಬ್ಬರ, ಆಯಾಸ, ಕೀಲುನೋವು, ತಲೆಗೆ ಮಂಕು ಕವಿದಂತಾಗುವುದು, ಇವು ಹಲವು ದಿನಗಳೂ ಕೆಲವರಲ್ಲಿ ವಾರಗಳೂ ಉಳಿಯಬಹುದು. ಈ ರೋಗದ ಸಂಗಡ ಬರುವ ತುರಿಕೆಯ ಗುಳ್ಳೆಗಳು ಇನ್ನೂ ಹೆಚ್ಚು ಕಾಲ ಇರಬಲ್ಲವು. ತಿಂದ ಪ್ರಮಾಣಕ್ಕೂ ಪಡುವ ಯಾತನೆಗೂ ಸರಿಯಾದ ಲೆಕ್ಕವಿಲ್ಲ. ಏನೂ ಆಗದವರ ಕರುಳಿನಲ್ಲಿಯೂ ಗಾಯವಾಗುತ್ತಿರಬಹುದು. ಆದಕಾರಣ "ನನಗೇನೂ ಆಗಲಿಲ್ಲ" ಎಂಬ ಧೈರ್ಯದಿಂದ ಮತ್ತೆ ತಿನ್ನಲಾಗದು.

ಒಳಹೊಕ್ಕ ಗ್ಲೂಟೆನ್ನನ್ನು ಹೊರಹಾಕುವ ಔಷಧವು ಯಾವುದೂ ಇಲ್ಲ. ಬೇಧಿಯ ಔಷಧವನ್ನು ಕೊಟ್ಟು "ಹೊಟ್ಟೆ ತೊಳೆಯುವ" ಪದ್ಧತಿಯು ಹಳ್ಳಿಗಳಲ್ಲಿ ಉಂಟು. ಮೊದಲೇ ನೀರು ಕಳೆದುಕೊಂಡ ದೇಹಕ್ಕೆ ಇದು ಅಪಾಯಕರವು, ಮಾಡಕೂಡದು. ಉಪವಾಸವೂ ಬೇಡ. ಮೊದಲ ಕೆಲಸವು ನೀರನ್ನು ತುಂಬಿಕೊಡುವುದು. ಓಆರ್‌ಎಸ್ ಪುಡಿಯು ದೊರೆತರೆ ಒಳ್ಳೆಯದು. ಇಲ್ಲವಾದರೆ ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಸಮಮಟ್ಟದ 6 ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಆಮೇಲೆ ಅಕ್ಕಿಯ ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿ, ಬಾಳೆಯ ಹಣ್ಣು, ಇವು ಹಗುರವಾಗಿಯೂ ನಿರಪಾಯವಾಗಿಯೂ ಇರುವುವು. ರಾಗಿಯ ಅಂಬಲಿಯೂ ಒಳ್ಳೆಯದೇ. ಆದರೆ ಹಿಟ್ಟು ಎಲ್ಲಿ ಬೀಸಿದ್ದೆಂಬುದು ತಿಳಿದಿರಬೇಕು. ಖಾರವೂ ಕರಿದ ತಿಂಡಿಯೂ ಕೆಲವು ದಿನ ಬೇಡ.

ಹಾಲಿನ ವಿಷಯದಲ್ಲಿ ಒಂದು ಮಾತು. ಹಾಲಿನ ಸಕ್ಕರೆಯನ್ನು ಅರಗಿಸುವ ರಸವು ಕರುಳಿನ ಆ ಎಳೆಗಳ ತುದಿಯಲ್ಲಿಯೇ ಹುಟ್ಟತಕ್ಕದ್ದು. ಎಳೆಗಳು ನೊಂದಾಗ ಹಾಲು ಅರಗದೆ ಉಬ್ಬರವು ಹೆಚ್ಚುವುದು. ಮನೆಯವರು ಪುಷ್ಟಿಗಾಗಿ ಹಾಲನ್ನೇ ಹೆಚ್ಚಿಸಿದರೆ ಕಾಯಿಲೆಯು ಬೆಳೆದಂತೆ ತೋರುವುದು. ಕೆಲವು ದಿನ ಹಾಲನ್ನು ಬಿಟ್ಟು, ಮೊಸರನ್ನಾಗಲಿ ಮಜ್ಜಿಗೆಯನ್ನಾಗಲಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಬಹುದು. (ಗೋಧಿಯ ಬೂಸಾ ತಿಂದ ಹಸುವಿನ ಹಾಲು ವರ್ಜ್ಯವೇ ಎಂದು ಕೇಳುವವರುಂಟು. ವರ್ಜ್ಯವಲ್ಲ.) ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು, ಅವುಗಳಲ್ಲಿ ಕೆಲವು ಹೊಟ್ಟೆಯನ್ನು ಇನ್ನೂ ಕೆರಳಿಸುವುವು. ಶಾಲೆಗೂ ಹೊಲಕ್ಕೂ ಕೆಲವು ದಿನ ಬಿಡುವು ಕೊಡುವುದರಲ್ಲಿ ನಾಚಿಕೆಯೇನೂ ಇಲ್ಲ. ಈ ಆಯಾಸವನ್ನು ಸೋಮಾರಿತನವೆಂದು ಗದರಿಸುವ ಹಿರಿಯರನ್ನು ನಾನು ಕಂಡಿದ್ದೇನೆ, ಅದು ಅನ್ಯಾಯವು.

ನೀರು ಸಹ ಒಳಗೆ ನಿಲ್ಲದಿದ್ದರೆ, ಮೂತ್ರವು ಕಡಮೆಯಾದರೆ, ಮಲದಲ್ಲಿ ರಕ್ತವು ಕಂಡರೆ, ಜ್ವರ ಬಂದರೆ, ತೂಕವು ಇಳಿಯುತ್ತ ಹೋದರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಎರಡು ಮೂರು ವಾರಗಳಾದರೂ ಇಳಿಮುಖವಾಗದಿದ್ದರೂ ಹಾಗೆಯೇ. ಇನ್ನೊಂದು ಸೂಚನೆ: ರೋಗವಿದೆಯೋ ಇಲ್ಲವೋ ಎಂಬ ಶಂಕೆ ಮಾತ್ರ ಇರುವವರು ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಬಾರದು, ಬಿಟ್ಟರೆ ಪರೀಕ್ಷೆಯಲ್ಲಿ ನಿಜವು ತೋರದೆ ಹೋಗುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಹುದಿನ ಉಳಿಯುವ ಲಕ್ಷಣಗಳಿಗೆ ಕರುಳಿನ ಬೇರೆ ತೊಂದರೆಗಳೂ ಕಾರಣವಾಗಬಹುದಾದರೂ, ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕಾರಣವು ಒಂದೇ: ಗ್ಲೂಟೆನ್ ಇನ್ನೂ ಹೊಟ್ಟೆಗೆ ಹೋಗುತ್ತಲೇ ಇರುವುದು. ಹಿಂದಿನ ತಪ್ಪನ್ನೇ ನೆನೆಯುತ್ತ ಕುಳಿತವರು ಇಂದಿನ ತಪ್ಪನ್ನು ಕಾಣುವುದಿಲ್ಲ. ಆ ಹುಡುಗಿಯ ಮನೆಯಲ್ಲಿ ಆದದ್ದೂ ಇದೇ. ಊರಿನ ಗಿರಣಿಯಲ್ಲಿ ಜೋಳವನ್ನು ಮಾತ್ರ ಬೀಸುತ್ತಿದ್ದರು. ಕುಬಸದ ವಾರದಲ್ಲಿಯೇ ಅದರ ಮೋಟಾರು ಸುಟ್ಟುಹೋದದ್ದರಿಂದ, ಹುಡುಗಿಯ ತಂದೆಯು ಪಕ್ಕದ ಊರಿನ ಗಿರಣಿಯಲ್ಲಿ ಜೋಳವನ್ನು ಬೀಸಿಸಿ ತಂದಿದ್ದನು. ಅಲ್ಲಿ ಅದೇ ಕಲ್ಲಿನಲ್ಲಿ ಗೋಧಿಯೂ ಬೀಳುತ್ತಿತ್ತು. ಯಾರೂ ಇದನ್ನು ಯೋಚಿಸಿರಲಿಲ್ಲ. ತಾಯಿಯು ಮೂರು ವಾರಗಳ ಊಟವನ್ನು ಒಂದೊಂದಾಗಿ ನೆನೆದು ಮಗಳ ನೋಟುಬುಕ್ಕಿನಲ್ಲಿ ಬರೆಯಿಸಿದಾಗಲೇ ಇದು ಹೊರಬಿದ್ದಿತು.

ಎಷ್ಟು ಅಲ್ಪವಾದ ಹಿಟ್ಟು ಕೇಡು ಮಾಡುವುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಗ್ಲೂಟೆನ್ ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂದು ಅಂತರರಾಷ್ಟ್ರೀಯ ನಿಯಮವೂ ನಮ್ಮ ದೇಶದ ನಿಯಮವೂ ಗೊತ್ತುಮಾಡಿವೆ. ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳ ಕಾಲ ಹೊಟ್ಟೆಗೆ ಹೋದರೆ ಕರುಳಿಗೆ ಗಾಯವಾಗುವುದೆಂದು 2007ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಗೋಧಿಯ ಹಿಟ್ಟಿನಲ್ಲಿ ಗ್ಲೂಟೆನ್ ಸುಮಾರು ಹತ್ತರಲ್ಲೊಂದು ಭಾಗ. ಅಂದರೆ ಗಿರಣಿಯ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು 1 ಗ್ರಾಂ ಮಾತ್ರವೇ 1 ಕಿಲೋ ಜೋಳದ ಹಿಟ್ಟಿಗೆ ಸೇರಿದರೂ ಅದು ನಿಯಮದ ಮಿತಿಯ ಸುಮಾರು ಐದರಷ್ಟಾಯಿತು. ಗೋಧಿಯ ಒಂದು ಕಾಳಿನ ತೂಕವು ಸುಮಾರು 40 ಮಿಲಿಗ್ರಾಂ. ಕಿಲೋ ಜೋಳದಲ್ಲಿ ಐದು ಗೋಧಿಕಾಳುಗಳಿದ್ದರೆ ಮಿತಿಯು ಮುಟ್ಟಿತು!

ಗಿರಣಿಯಲ್ಲದೆ ಬೇರೆ ದಾರಿಗಳೂ ಇವೆ. ಅಂಗಡಿಯ ಕೂಟು ಇಂಗಿಗೆ ಗೋಧಿಹಿಟ್ಟನ್ನು ಬೆರೆಸುವುದುಂಟು. ಚಪಾತಿ ಬೇಯಿಸಿದ ಹಂಚು, ಗೋಧಿಹಿಟ್ಟು ಕುಳಿತ ಮರದ ಹಲಗೆ, ರವೆಯ ಡಬ್ಬದಲ್ಲಿ ಅದ್ದಿದ ಚಮಚ, ಇವೆಲ್ಲವೂ ಸಾಕು. ಖಪ್ಲಿ ಗೋಧಿಯು ಪುರಾತನವಾದ ತಳಿಯಾದ್ದರಿಂದ ನಿರಪಾಯಕರವೆಂದು ಈಚೆಗೆ ಕೆಲವರು ಹೇಳುತ್ತಿರುವುದು ಈ ರೋಗಿಗಳ ಮಟ್ಟಿಗೆ ಶುದ್ಧ ತಪ್ಪು. ಅದರಲ್ಲಿಯೂ ಗ್ಲೂಟೆನ್ ಉಂಟು. ಜವೆಗೋಧಿಯೆಂದರೆ ಉತ್ತರದ ಜಿಲ್ಲೆಗಳಲ್ಲಿ ಖಪ್ಲಿಯೆಂದೂ ಬೇರೆ ಕಡೆಗಳಲ್ಲಿ ಬಾರ್ಲಿಯೆಂದೂ ಅರ್ಥಮಾಡುತ್ತಾರೆ. ಎರಡೂ ವರ್ಜ್ಯವೇ ಆದ್ದರಿಂದ ಹೆಸರಿನ ಜಗಳವು ಇಲ್ಲಿ ಬೇಡ.

ಒಕ್ಕಲುತನದವರಿಗೆ ವಿಶೇಷವಾಗಿ ತಿಳಿಸಬೇಕಾದ ಸಂಗತಿಯೊಂದಿದೆ. 2007ರಲ್ಲಿ ಐರ್ಲೆಂಡಿನ ವೈದ್ಯರು ಇಬ್ಬರು ರೈತರ ವೃತ್ತಾಂತವನ್ನು ಪ್ರಕಟಿಸಿದರು. ಪಥ್ಯವನ್ನು ಪಾಲಿಸುತ್ತಿದ್ದರೂ ಇವರ ರೋಗವು ಇಳಿದಿರಲಿಲ್ಲ. ವಿಚಾರಿಸಲಾಗಿ, ಮುಚ್ಚಿದ ಕೊಟ್ಟಿಗೆಯಲ್ಲಿ ದನಗಳಿಗೆ ಧಾನ್ಯದ ಒಣ ಮೇವನ್ನು ಹಾಕುವಾಗ ಅದರ ಧೂಳು ಮೂಗು ಬಾಯಿಗಳಿಂದ ಒಳಸೇರುತ್ತಿದ್ದುದು ಕಂಡುಬಂದಿತು. ಆ ಧೂಳು ತಪ್ಪಿದ ಮೇಲೆ ಲಕ್ಷಣಗಳು ಶಮನವಾದವು. ಆದುದರಿಂದ ಈ ರೋಗವುಳ್ಳವರು ಗೋಧಿಯನ್ನು ಒಕ್ಕುವಲ್ಲಿಯೂ ಬೂಸಾ ಕಲಸುವಲ್ಲಿಯೂ ನಿಲ್ಲದಿರುವುದು ಲೇಸು. ನಿಲ್ಲಲೇಬೇಕಾದರೆ ಮೂಗು ಬಾಯಿಗಳಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಳ್ಳತಕ್ಕದ್ದು.

ಜೋಳ, ರಾಗಿ, ನವಣೆ, ಸಾಮೆಗಳನ್ನು ಬೆಳೆಯುವವರು ಗೋಧಿಯನ್ನು ಒಕ್ಕಿದ ಕಣದಲ್ಲಿ ಇವುಗಳನ್ನು ಒಕ್ಕುವ ಮುಂಚೆ ಕಣವನ್ನೂ ಯಂತ್ರವನ್ನೂ ಗುಡಿಸಿ, ಗೋಧಿಯ ಚೀಲಗಳನ್ನು ಬೇರೆಯಿಡುವುದರಿಂದ ಬಹಳ ಉಪಕಾರವಾಗುವುದು. ಮನೆಯಲ್ಲಿ ರಾಗಿಯನ್ನು ಜರಡಿ ಹಿಡಿದರೆ ಗೋಧಿಕಾಳು ಮೇಲೆ ನಿಲ್ಲುತ್ತದೆ. ಜೋಳವನ್ನು ಮೊರದಲ್ಲಿ ಹರಡಿ ಕೈಯಿಂದಲೇ ಆರಿಸಬೇಕು. ಗಿರಣಿಯಲ್ಲಿ ಮೊದಲು ಬಿದ್ದ ಹಿಟ್ಟನ್ನು ದನಗಳಿಗೆ ಹಾಕಿ ಉಳಿದದ್ದನ್ನು ಬಳಸಿದರೆ ಸಾಕೆನ್ನುವವರುಂಟು. ಇದರಿಂದ ಬೆರಕೆಯು ಕಡಮೆಯಾಗುವುದೇ ಹೊರತು ಇಲ್ಲವಾಗುವುದಿಲ್ಲ. ಗೋಧಿಯನ್ನು ಎಂದೂ ಹಾಕದ ಬೀಸುವ ಕಲ್ಲಾಗಲಿ, ಮನೆಯ ಸಣ್ಣ ಯಂತ್ರವಾಗಲಿ ಒಂದು ಇದ್ದರೆ ಅದಕ್ಕೆ ಸಮನಾದುದು ಬೇರೊಂದಿಲ್ಲ.

ಆ ಮನೆಯವರು ಅಟ್ಟದ ಮೇಲೆ ಧೂಳು ಹಿಡಿದಿದ್ದ ಅಜ್ಜಿಯ ಕಾಲದ ಬೀಸುವ ಕಲ್ಲನ್ನು ಇಳಿಸಿ, ಮುಳ್ಳು ಹೊಯ್ಯಿಸಿ, ಚೆನ್ನಾಗಿ ತೊಳೆದು ಒಣಗಿಸಿದರು. ಬೀಸುವವರು ಯಾರೆಂಬ ಪ್ರಶ್ನೆಗೆ, ಕುಬಸದ ಮನೆಯಲ್ಲಿ ಒತ್ತಾಯ ಮಾಡಿದ್ದ ಅಜ್ಜಿಯೇ ಮುಂದೆ ಬಂದಳು. ಎರಡನೆಯ ವಾರಕ್ಕೆ ಹುಡುಗಿಯ ಉಬ್ಬರವು ಇಳಿಯಿತೆಂದೂ, ತಿಂಗಳಿಗೆ ಶಾಲೆಗೆ ಹೋಗತೊಡಗಿದಳೆಂದೂ ತಂದೆಯು ತಿಳಿಸಿದನು. ಊರಿನ ಗಿರಣಿಯ ಯಜಮಾನನಿಗೂ ಈ ಲೆಕ್ಕವನ್ನೆಲ್ಲ ಆತನು ಹೇಳಿದ್ದಾನೆ. ಹೊಸ ಮೋಟಾರು ಬಂದಿದೆಯಂತೆ. ಗೋಧಿಯನ್ನು ತಂದವರಿಗೆ ಬೇರೆ ಕಲ್ಲನ್ನು ಹಾಕಿಸುವವರೆಗೆ ಜೋಳವೊಂದನ್ನೇ ಬೀಸುವುದಾಗಿ ಅವರು ಒಪ್ಪಿದ್ದಾರೆ.