ಮಂಡಿಯ ಮೂಳೆ ಮುರಿದಾಗ ಪಾದವನ್ನೂ ನೋಡಿ

ಸ್ಕೂಟರ್ ಸವಾರರ ಮಂಡಿಗೆ ಕಾರು ಗುದ್ದುವುದು, ತಾರಸಿಯಿಂದಲೋ ಮರದಿಂದಲೋ ಬೀಳುವುದು - ಮಂಡಿಯ ಸುತ್ತಲಿನ ಮೂಳೆ ನುಚ್ಚುನೂರಾಗಲು ಇವು ಸಾಮಾನ್ಯ ಕಾರಣಗಳು. ಮೂಳೆ ಟೊಳ್ಳಾದ ವೃದ್ಧರಿಗೆ ಬಚ್ಚಲಿನಲ್ಲಿ ಜಾರಿದರೂ ಸಾಕು. ಆಗ ಎಲ್ಲರ ಕಣ್ಣೂ ಊದಿದ ಮಂಡಿಯ ಮೇಲಿರುತ್ತದೆ. ನೀವು ಪಾದವನ್ನೂ ಮುಟ್ಟಿ ನೋಡಬೇಕು.

ಏಕೆಂದರೆ ಕೆಳಗಾಲಿಗೆ ರಕ್ತ ಒಯ್ಯುವ ಮುಖ್ಯ ನಾಳ ಮಂಡಿಯ ಹಿಂದೆ ಮೂಳೆಗೆ ಅಂಟಿಕೊಂಡಂತೆ ಸಾಗುತ್ತದೆ. ಮುರಿದ ಮೂಳೆ ಅದನ್ನು ಒತ್ತಬಹುದು, ಹರಿಯಲೂಬಹುದು. ಪಾದ ತಣ್ಣಗಾಗಿ ಬಿಳಿಚಿಕೊಂಡರೆ, ಜೋಮು ಹಿಡಿದರೆ, ಬೆರಳು ಅಲುಗದಿದ್ದರೆ ತಡಮಾಡಬೇಡಿ. ಸುಮಾರು ಆರು ಗಂಟೆಯೊಳಗೆ ರಕ್ತಸಂಚಾರ ಮರಳದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ.

ಇನ್ನೊಂದು ಅಪಾಯ ಮೀನಖಂಡದ ಬಿಗಿತ. ಒಳಗಿನ ಬಾವಿನಿಂದ ಒತ್ತಡ ಏರಿ ಸ್ನಾಯುಗಳು ಸಾಯತೊಡಗುತ್ತವೆ. ಪಾದ ಬೆಚ್ಚಗಿದ್ದರೂ ಹೀಗಾಗಬಹುದು. ಔಷಧಿಗೂ ಬಗ್ಗದ ನೋವು, ಬೆರಳನ್ನು ಮೆಲ್ಲಗೆ ಎಳೆದರೂ ಚೀರುವಂಥ ನೋವು ಇದರ ಸೂಚನೆ. ತಕ್ಷಣ ಶಸ್ತ್ರಚಿಕಿತ್ಸೆಯಿಂದ ಒತ್ತಡ ಬಿಡಿಸಬೇಕಾಗುತ್ತದೆ.

ನೀವು ಏನು ಮಾಡಬೇಕು?

* 108ಕ್ಕೆ ಕರೆ ಮಾಡಿ. ಕಾಲು ಇದ್ದ ಸ್ಥಿತಿಯಲ್ಲೇ ಎರಡೂ ಬದಿಗೆ ಆಸರೆಯಿಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ.

* ಎಳೆದು ನೇರ ಮಾಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಬಿದಿರುಪಟ್ಟಿಯ ಬಿಗಿಯಾದ ಕಟ್ಟು ಹಾಕಿಸಬೇಡಿ.

* ಗಾಯವಿದ್ದರೆ ಶುದ್ಧ ಬಟ್ಟೆ ಮುಚ್ಚಿ. ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ.

* ಅರಿವಳಿಕೆ ಬೇಕಾಗಬಹುದು. ಕಾಫಿ, ತಿಂಡಿ ಕೊಡಬೇಡಿ.

ಆಸ್ಪತ್ರೆಯಲ್ಲಿ

ವೈದ್ಯರು ಮೊದಲು ಪಾದದ ನಾಡಿ ನೋಡುತ್ತಾರೆ. ಎಕ್ಸ್-ರೇ ಮುರಿತವನ್ನು ತೋರಿಸುತ್ತದೆ; ಚೂರುಗಳು ಎಷ್ಟು, ಕೀಲಿನ ಮೇಲ್ಮೈ ಎಲ್ಲಿ ಕುಸಿದಿದೆ ಎಂಬುದು ಸಿ.ಟಿ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗುತ್ತದೆ. ಕೆಳಗಾಲಿನ ದಪ್ಪ ಮೂಳೆಯ ತಲೆಭಾಗದ ಮುರಿತಗಳನ್ನು ಟೊರಾಂಟೊದ ತಜ್ಞ ಜೋಸೆಫ್ ಷಾಟ್ಸ್‌ಕರ್ ಮತ್ತು ಸಂಗಡಿಗರು 1979ರಲ್ಲಿ ಆರು ಬಗೆಯಾಗಿ ವಿಂಗಡಿಸಿದರು. ಶಸ್ತ್ರಚಿಕಿತ್ಸೆಯ ಯೋಜನೆಗೆ ಅದು ಇಂದಿಗೂ ನೆರವಾಗುತ್ತಿದೆ.

ಮೂಳೆ ಜರುಗದಿದ್ದರೆ ಪಟ್ಟಿ ಹಾಕಿ, ಭಾರ ಬೀಳದಂತೆ ನೋಡಿಕೊಂಡರೆ ಸಾಕಾಗಬಹುದು. ಕೀಲಿನ ಮೇಲ್ಮೈ ಕುಸಿದಿದ್ದರೆ ಅದನ್ನು ಎತ್ತಿ ಸಮಮಾಡಿ, ಪ್ಲೇಟು-ಸ್ಕ್ರೂಗಳಿಂದ ಭದ್ರಪಡಿಸುತ್ತಾರೆ. ತಗ್ಗು ಹಾಗೇ ಉಳಿದರೆ ಮಂಡಿ ಬೇಗ ಸವೆಯುತ್ತದೆ.

ಬಾವು, ಬೊಕ್ಕೆಗಳು ಹೆಚ್ಚಿದ್ದರೆ ಹೊರಗಿನಿಂದ ಸರಳು ಜೋಡಿಸಿ ಒಂದೆರಡು ವಾರ ಕಾಯುತ್ತಾರೆ. "ಆಪರೇಷನ್ ಸುಮ್ಮನೆ ಮುಂದೂಡುತ್ತಿದ್ದಾರೆ" ಎಂದು ಮನೆಯವರು ಬೇಸರಪಡುವುದುಂಟು. ಆದರೆ ಊದಿದ ಚರ್ಮವನ್ನು ಕೊಯ್ದರೆ ಗಾಯ ಕೂಡದೆ ಕೀವಾಗಬಹುದು. ಬಾವಿಳಿದು ಚರ್ಮದಲ್ಲಿ ನೆರಿಗೆ ಮೂಡುವುದೇ ಸರಿಯಾದ ಸಮಯ.

ಆಮೇಲೆ

ಮೂಳೆ ಕೂಡಿದರೂ ಮಂಡಿ ಮಡಿಸಲಾಗದಿದ್ದರೆ ಚಿಕಿತ್ಸೆ ಅರ್ಧವಾದಂತೆ. ವೈದ್ಯರು ಹೇಳಿದ ದಿನದಿಂದಲೇ ನೋವಾದರೂ ವ್ಯಾಯಾಮ ಆರಂಭಿಸಿ. ಭಾರ ಊರುವ ವಿಷಯದಲ್ಲಿ ಮಾತ್ರ ಅವಸರ ಬೇಡ. ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಬೀಡಿ, ಸಿಗರೇಟು ಬಿಡಿ. ಅವು ಮೂಳೆ ಕೂಡುವುದನ್ನು ತಡಮಾಡುತ್ತವೆ. ಕುಕ್ಕರಗಾಲಲ್ಲಿ ಕೂರುವುದು ಕೆಲವರಿಗೆ ಮುಂದೆ ಕಷ್ಟವಾಗಬಹುದು.

ಪಟ್ಟಿ ಹಾಕಿದ ಮೇಲೂ ಮೊದಲ ದಿನಗಳಲ್ಲಿ ಬೆರಳು ಬೆಚ್ಚಗಿದೆಯೇ, ಅಲುಗುತ್ತಿದೆಯೇ ಎಂದು ಆಗಾಗ ನೋಡುತ್ತಿರಿ. ವ್ಯತ್ಯಾಸ ಕಂಡರೆ ಬೆಳಗಾಗಲೆಂದು ಕಾಯಬೇಡಿ. ನಡುರಾತ್ರಿಯಾದರೂ ವೈದ್ಯರಿಗೆ ತಿಳಿಸಿ.